ಓ ಎನ್ನುವ ಮನೆ

ಅಂಬುಜಾಳ ಗಂಟಲು ದೊಡ್ಡದು. ಕಗ್ಗದಾಸಪುರದ ಆ ಬೀದಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಆಕೆ ಅಡುಗೆಮನೆಯಲ್ಲೇ ನಿಂತು ಸೊಪ್ಪಿನವನನ್ನು ಕರೆದರೆ ಆತ ಮುಂದಿನ ತಿರುವಿನಿಂದ ಗಾಡಿ ತಿರುಗಿಸಿಕೊಂಡು ಬರುತ್ತಿದ್ದ. ಗಂಡ ರಾಮು ಇಂದಿರಾನಗರದ ವಿಮಾ ಕಚೇರಿಯಲ್ಲಿ ಗುಮಾಸ್ತ, ಕುರ್ಚಿ ಎಳೆದರೂ ಸದ್ದಾಗಬಾರದು ಎನ್ನುವ ಪೈಕಿ. ಮದುವೆಯಾದಾಗಿನಿಂದ "ಮೆಲ್ಲಗೆ ಮಾತಾಡೇ" ಎನ್ನುವುದೇ ಅವನ ಸಂಸಾರ. ಹೆಂಡತಿಗೆ ಹೇಳಿ ಸಾಕಾದಾಗ ನೆರೆಯವರ ಮುಂದೆ ಕೈ ಹಿಸುಕಿಕೊಳ್ಳುತ್ತಿದ್ದ: "ಬೇಜಾರ್ ಮಾಡ್ಕೋಬೇಡಿ, ಅವಳಿಗೆ ಫ್ಯಾಕ್ಟರಿ ಅಭ್ಯಾಸ." ಅಂಬುಜಾಳಿಗೆ ಮೈ ಉರಿಯುತ್ತಿದ್ದುದು ಆ ಮಾತಿಗೇ. ತಾನು ಯಾರ ಮನೆ ಹಾಳು ಮಾಡಿದೆನೆಂದು ಈ ಮಹಾರಾಯ ಊರಿಗೆಲ್ಲ ಕ್ಷಮೆ ಕೇಳಿಕೊಂಡು ತಿರುಗಬೇಕು?

ಫ್ಯಾಕ್ಟರಿ ಅಭ್ಯಾಸ ಎನ್ನುವುದೇನೋ ನಿಜ. ಕೆ.ಆರ್. ಪುರಂ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿ ಹೆಂಗಸರನ್ನು ತಂತಿ ಜೋಡಿಸುವ ಮೇಜಿಗೆ ಕೂರಿಸುತ್ತಿದ್ದರು. ಅಂಬುಜಾ ಜಗಳವಾಡಿ ಪ್ರೆಸ್ ಶಾಪಿಗೆ ಹೋದವಳು. ತಗಡನ್ನು ಅಚ್ಚಿನಲ್ಲಿಟ್ಟು ಒತ್ತುವ ಆಳೆತ್ತರದ ಯಂತ್ರ. ಹಿಂದುಗಡೆ ನಿಂತು ತಗಡು ಕೂರಿಸುವ ಪರ್ವೀನ್, ಮುಂದೆ ಪೆಡಲು ತುಳಿಯುವ ಅಂಬುಜಾಳಿಗೆ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಇಬ್ಬರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಅಂಬುಜಾ "ಓ" ಎಂದು ಕೂಗಬೇಕು. ಪರ್ವೀನ್ ಕೈ ಹಿಂದಕ್ಕೆ ತೆಗೆದುಕೊಂಡು "ಓ" ಎನ್ನಬೇಕು. ಆಮೇಲೆಯೇ ಪೆಡಲು.

ಒಂದು ದಿನ ಉತ್ತರ ಬರಲಿಲ್ಲ. "ತುಳೀರೀ, ಲೈನ್ ನಿಂತೋಗಿದೆ" ಎಂದು ಸೂಪರ್‌ವೈಸರ್ ಕಿರುಚಿದ. ಅಂಬುಜಾ ಅವನನ್ನು ಕ್ಯಾರೇ ಅನ್ನದೆ ಯಂತ್ರದ ಹಿಂದಕ್ಕೆ ಓಡಿದಳು. ಪರ್ವೀನ್ ತಲೆಸುತ್ತಿ ಕುಸಿದಿದ್ದಳು, ಬಲಗೈ ಅಚ್ಚಿನ ಮೇಲೆಯೇ ಇತ್ತು. ಅವತ್ತಿನಿಂದ ಅಂಬುಜಾಳಿಗೆ ಗಲಾಟೆಯೆಂದರೆ ಭಯವಿಲ್ಲ, ಕರೆದಾಗ ಉತ್ತರ ಬರದಿದ್ದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಎರಡು ಸಾವಿರದ ಮೂರರಲ್ಲಿ ಕಾರ್ಖಾನೆ ಸ್ವಯಂನಿವೃತ್ತಿ ಎಂಬ ಹೆಸರಿನಲ್ಲಿ ಇಬ್ಬರನ್ನೂ ಮನೆಗೆ ಕಳಿಸಿತು. ಮನೆಯಲ್ಲಿ ಅಂಬುಜಾಳಿಗೆ ಮಾಡಲು ಕೆಲಸವಿತ್ತು, ಕೂಗಲು ಯಾರೂ ಇರಲಿಲ್ಲ. ಅವಳ ಮುಖ ನೋಡಲಾರದೆ ಪರ್ವೀನ್ ಒಂದು ದಿನ ಲಿಂಗರಾಜಪುರಕ್ಕೆ, ತನ್ನ ದೊಡ್ಡಮ್ಮನ ಮಗಳು ಜಹನಾರಾ ಆಪಾಳ ಮನೆಗೆ ಕರೆದುಕೊಂಡು ಹೋದಳು. ಜನ ಆಸೆಪಟ್ಟು ತಂದು, ಆಸೆ ತೀರಿದ ಮೇಲೆ ಬಿಟ್ಟುಹೋದ ಹಕ್ಕಿಗಳನ್ನು ಆಪಾ ಹಿತ್ತಿಲಲ್ಲಿ ಸಾಕುತ್ತಿದ್ದಳು.

ಅಲ್ಲಿ ನವಾಬ ಕೂತಿದ್ದ. ನೀಲಿ ಬೆನ್ನು, ಹಳದಿ ಹೊಟ್ಟೆಯ ಮಕಾವ್ ಗಿಳಿ, ಬಾಲವೂ ಸೇರಿದರೆ ತೋಳುದ್ದ. ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು ಬರಿಮೈ ಮಾಡಿಕೊಂಡಿತ್ತು. ಇವರು ಒಳಗೆ ಕಾಲಿಡುತ್ತಲೇ ಅದು ಬಾಯಿ ತೆರೆಯಿತು. ಆ ಕೂಗಿಗೆ ಪರ್ವೀನ್ ಕಿವಿ ಮುಚ್ಚಿಕೊಂಡಳು.

"ಮೂರು ಮನೆಯವರು ವಾಪಸ್ ತಂದು ಬಿಟ್ರಮ್ಮ," ಎಂದಳು ಆಪಾ. "ಕೊನೇ ಮನೇಲಿ ಕೂಗಿದಾಗೆಲ್ಲ ಪಂಜರದ ಮೇಲೆ ಕಂಬಳಿ ಹಾಕ್ತಿದ್ರಂತೆ. ಪಾಪ, ಅದು ಕೂಗೋದು ಜಗಳಕ್ಕಲ್ಲ. ಕಾಡಲ್ಲಿ ಒಂದು ಕೂಗಿದ್ರೆ ಇನ್ನೊಂದು ಉತ್ತರ ಕೊಡುತ್ತೆ. 'ಇದೀಯಾ' ಅಂತ ಕೇಳುತ್ತೆ, ಅಷ್ಟೇ. ಯಾರೂ ಹೇಳದಿದ್ರೆ ಇನ್ನೂ ಜೋರಾಗಿ ಕೇಳುತ್ತೆ."

ಅಂಬುಜಾ ಪರ್ವೀನಳ ಮುಖ ನೋಡಿದಳು. ಪರ್ವೀನ್ ತನ್ನ ಬಲಗೈ ನೋಡಿಕೊಂಡಳು. ನವಾಬ ಮತ್ತೆ ಕೂಗಿತು. ಅಂಬುಜಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ರೆಸ್ ಶಾಪಿನ ಪೂರಾ ಗಂಟಲಿನಲ್ಲಿ, "ಓ!" ಎಂದಳು. ಹಕ್ಕಿ ತಲೆ ಓರೆ ಮಾಡಿತು. ಇನ್ನೊಂದು ಸಲ ಕೇಳಿತು, ಇವಳು ಇನ್ನೊಂದು ಸಲ ಹೇಳಿದಳು. ಆಮೇಲೆ ಅದು ಸುಮ್ಮನೆ ಕಾಲು ಕೆರೆದುಕೊಳ್ಳುತ್ತ ಕೂತಿತು.

ಅಷ್ಟಕ್ಕೇ ಸ್ನೇಹವಾಯಿತೆಂದುಕೊಂಡರೆ ಸುಳ್ಳು. ಗಿಳಿಯೆಂದ ಮೇಲೆ ಸೀಬೆಹಣ್ಣು, ಮೆಣಸಿನಕಾಯಿ ಎಂದು ಇವಳು ಚೀಲ ತುಂಬ ಒಯ್ದಳು. ಅದು ಮೆಣಸಿನಕಾಯಿಯನ್ನು ಅವಳ ಮುಖಕ್ಕೇ ಎಸೆಯಿತು. ಎರಡನೆಯ ವಾರ ಹೆಬ್ಬೆರಳು ಕಚ್ಚಿ ರಕ್ತ ಬರಿಸಿತು. ಪ್ರೆಸ್ಸಿಗೆ ಕೊಡದ ಬೆರಳನ್ನು ಹಕ್ಕಿಗೆ ಕೊಟ್ಟೆಯಲ್ಲ ಎಂದು ಪರ್ವೀನ್ ನಕ್ಕಳು. ಅಂಬುಜಾ ಬಿಡಲಿಲ್ಲ. ಶಿವಾಜಿನಗರದಲ್ಲಿಳಿದು ಕಡಲೆಕಾಯಿ ಕಟ್ಟಿಸಿಕೊಂಡು, ಇನ್ನೊಂದು ಬಸ್ಸು ಹಿಡಿದು ಹೋಗುತ್ತಲೇ ಇದ್ದಳು. ಮಳೆಗಾಲ ಕಳೆಯುವ ಹೊತ್ತಿಗೆ ನವಾಬ ಅವಳ ಭುಜ ಹತ್ತಿ, ಕಿವಿಯ ಓಲೆಯನ್ನು ನಾಲಿಗೆಯಿಂದ ಮುಟ್ಟಿ ನೋಡುತ್ತಿತ್ತು, ಕಚ್ಚುತ್ತಿರಲಿಲ್ಲ. ಮೊದಲ ಸಲ ಹಾಗೆ ಮಾಡಿದ ದಿನ ಅಂಬುಜಾ ಅತ್ತಳು. ಇದನ್ನು ಮನೆಗೆ ಕೊಡಿ ಎಂದು ಕೇಳಿಯೂಬಿಟ್ಟಳು.

"ಮನೆಯವರು ಏನಂತಾರೆ?" ಎಂದಳು ಆಪಾ. "ಆ ಮೂರು ಮನೇಲೂ ಒಬ್ಬರಿಗೆ ಮಾತ್ರ ಇಷ್ಟ ಇತ್ತು. ನೀವು ಪೇಟೆಗೆ ಹೋದಾಗ ಇದು ಕೂಗಿದ್ರೆ ಅವರು ಉತ್ತರ ಕೊಡ್ತಾರಾ? ಕೊಟ್ರೆ ಕರಕೊಂಡ್ ಹೋಗಿ. ಇಲ್ಲಾಂದ್ರೆ ನಾಲ್ಕನೇ ಸಲ ಇದಕ್ಕೆ ಆ ಸಂಕಟ ಬೇಡಮ್ಮ."

ರಾಮು ಗೇಟಿನ ಹತ್ತಿರ ಪಕ್ಕದ ಮನೆಯ ರಂಜನಾಳೊಡನೆ ನೀರಿನ ವಿಚಾರ ಮಾತಾಡುತ್ತಿದ್ದಾಗಲೇ ಅಂಬುಜಾ ಬಂದು ವಿಷಯ ಹೇಳಿದಳು. ಅವನು ರಂಜನಾಳತ್ತ ನೋಡಿ ಹಲ್ಲುಕಿರಿದ.

"ನಿನ್ನೊಬ್ಬಳ ಗಂಟಲು ಸಾಲದೇನೇ ಈ ಮನೆಗೆ?"

ರಂಜನಾ ಕಿಸಕ್ಕೆಂದಳು. ಅಂಬುಜಾಳಿಗೆ ಅವಮಾನದಿಂದ ಕಣ್ಣು ಕತ್ತಲಿಟ್ಟಿತು. ಆದರೂ ನಿಂತಲ್ಲಿಂದ ಕದಲಲಿಲ್ಲ.

"ಸಾಲಲ್ಲ ರೀ. ನಿಮಗೆ ಮೆಲ್ಲಗೆ ಬೇಕು ತಾನೆ? ಇವತ್ತಿಂದ ಮೆಲ್ಲಗೇ."

ಹೇಳಿದಂತೆ ನಡೆದಳು. ರಾಮು ನಡುಮನೆಯಿಂದ "ಕಾಫಿ ಆಯ್ತಾ?" ಎಂದರೆ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ "ಆಯ್ತು" ಎನ್ನುವಳು. ಅವನಿಗೆ ಕೇಳಿಸದು. ಕೂತಲ್ಲೇ ಕೂತು, ಕೊನೆಗೆ ಎದ್ದು ಬಂದು ತಣ್ಣಗಾದ ಕಾಫಿ ಕುಡಿಯುವನು. ಕನ್ನಡಕ ಎಲ್ಲಿ, ಬೀಗದಕೈ ಎಲ್ಲಿ, ನೀನೆಲ್ಲಿ ಎಂದು ಕೇಳುತ್ತ ಕೋಣೆಯಿಂದ ಕೋಣೆಗೆ ಅಲೆದ. ಉತ್ತರ ಕೊಟ್ಟೇ ಇದ್ದಾಳೆ, ತಪ್ಪು ಹಿಡಿಯುವ ಹಾಗೂ ಇಲ್ಲ. ಬೀದಿಯಲ್ಲಿ ಅವನ ಮರ್ಯಾದೆಗೆ ಒಂದು ಗೀರೂ ಬೀಳಲಿಲ್ಲ, ಮನೆ ಮಾತ್ರ ಭಣಭಣ ಎನ್ನತೊಡಗಿತು. ಅಂಬುಜಾಳಿಗೂ ಇದು ಸುಲಭವಾಗಿರಲಿಲ್ಲ. ಆದರೆ ಸೋಲುವ ಹೆಂಗಸಲ್ಲ ಅವಳು.

ಒಂದು ಭಾನುವಾರ ರಾಮು ತಲೆಗೆ ಸೋಪು ಹಚ್ಚಿಕೊಂಡಿದ್ದಾಗ ನಲ್ಲಿ ಬುಸ್ಸೆಂದು ನಿಂತಿತು.

"ಅಂಬುಜಾ, ಮೋಟರ್ ಹಾಕೇ."

"ಹಾಕ್ತೀನಿ," ಎಂದಳು ಅವಳು, ಒಲೆಯ ಮುಂದೆ, ತನಗೇ ಕೇಳುವಷ್ಟು. ಕಾಲು ಮಾತ್ರ ಕಿತ್ತಿಡಲಿಲ್ಲ.

"ಅಂಬುಜಾ!"

"ಇದ್ದೀನಿ."

ಸೋಪು ಕಣ್ಣಿಗಿಳಿಯಿತು. ಉತ್ತರವಿಲ್ಲದ ಮನೆ, ಮುಚ್ಚಿದ ಬಾಗಿಲು, ಉರಿಯುವ ಕಣ್ಣು. ಅವಳಿಗೇನಾದರೂ ಆಯಿತೇ ಎಂದು ಅವನಿಗೆ ನಿಜವಾಗಿ ದಿಗಿಲಾಯಿತು. ಹುಟ್ಟಿದಾಗಿನಿಂದ ಜೋರಾಗಿ ಸೀನದ ಮನುಷ್ಯ ಇಡೀ ಬೀದಿಗೆ ಕೇಳುವಂತೆ ಅರಚಿದ: "ಅಂಬುಜಾ! ಎಲ್ಲಿ ಸತ್ತೆಯೇ? ಇದ್ರೆ ಒಂದ್ಸಲ ಓ ಅನ್ನೇ!"

ಅಂಬುಜಾ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಇಷ್ಟು ದಿನ ಕಟ್ಟಿಟ್ಟಿದ್ದ ಗಂಟಲನ್ನೆಲ್ಲ ಬಿಚ್ಚಿ "ಓ!" ಎಂದಳು. ಒಳಗೆ ಚೊಂಬು ಬಿದ್ದ ಸದ್ದಾಯಿತು.

"ಆ ಹಕ್ಕಿ ಕೇಳೋದೂ ಇಷ್ಟೇ ರೀ," ಎಂದು ಹೇಳಿ ಮೋಟರ್ ಹಾಕಲು ಹೋದಳು.

ಮುಂದಿನ ವಾರ ರಾಮು ಲಿಂಗರಾಜಪುರಕ್ಕೆ ಬಂದ. ಅವನ ಮೊದಲ "ಓ" ಸಾಹೇಬರ ಮುಂದೆ ರಜೆ ಕೇಳಿದ ಹಾಗಿತ್ತು. ನವಾಬ ಒಪ್ಪಲಿಲ್ಲ. ಎರಡನೆಯದು ಹಿತ್ತಿಲು ದಾಟಿತು. "ಕಲೀತಾರೆ ಬಿಡಿ," ಎಂದಳು ಆಪಾ, ಕಣ್ಣೊರೆಸಿಕೊಂಡು.

ಮನೆಯ ಬಾಲ್ಕನಿಗೆ ಗಟ್ಟಿ ಜಾಲರಿ ಹಾಕಿಸಿ ನವಾಬನನ್ನು ತಂದರು. ಮರುಬೆಳಿಗ್ಗೆ ಅಂಬುಜಾ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಅದು ಕೂಗಿತು. ಕೆಳಗೆ ರಂಜನಾಳ ಕಿಟಕಿ ತೆರೆಯಿತು.

"ರಾಮು ಸಾರ್, ಏನ್ ಸಾರ್ ಇದು?"

ರಾಮು ಪೇಪರು ಹಿಡಿದು ಹೊರಗೆ ಬಂದ. ತಾರಸಿಯಲ್ಲಿ ಅಂಬುಜಾಳ ಕೈ ನಿಂತಿತು. ಈಗ ಬರುತ್ತದೆ, ಅದೇ ಹಳೆಯ ಬೇಜಾರ್ ಮಾಡ್ಕೋಬೇಡಿ. ನವಾಬ ಮತ್ತೊಮ್ಮೆ ಕೂಗಿತು.

"ಒಂದ್ನಿಮಿಷ ಇರೀಮ್ಮ," ಎಂದ ರಾಮು ಬಾಲ್ಕನಿಯತ್ತ ತಿರುಗಿ, ಕತ್ತಿನ ನರ ಉಬ್ಬುವಂತೆ "ಓ!" ಎಂದ. ಆಮೇಲೆ ಕಿಟಕಿಯತ್ತ ನೋಡಿದ. "ಅದು ಕೇಳುತ್ತೆ, ನಾವು ಹೇಳ್ತೀವಿ. ಈ ಮನೇಲಿ ಇನ್ಮೇಲೆ ಹೀಗೇ."

ತಾರಸಿಯ ಮೇಲಿಂದ ಅಂಬುಜಾಳೂ "ಓ!" ಎಂದಳು. ಮುಂದಿನ ತಿರುವಿನಲ್ಲಿದ್ದ ಸೊಪ್ಪಿನವನು ತನ್ನನ್ನೇ ಕರೆದರೆಂದು ಗಾಡಿ ತಿರುಗಿಸಿದ.