ಬಾಯಿ ಬಿಡದ ನವಾಬ

ಪೀರಮ್ಮನ ನಾಯಿ ಗುರುಗುಟ್ಟುವಾಗ ತುಟಿ ಎತ್ತುತ್ತಿರಲಿಲ್ಲ. ನಾನು ಅದನ್ನು ನೋಡಿದ್ದೆ, ಏಕೆಂದು ಯೋಚಿಸಿರಲಿಲ್ಲ.

ಬಳಗಾನೂರಿನ ನಮ್ಮ ಬಾಡಿಗೆ ಮನೆಯ ಹಿಂದೆಯೇ ಅವಳ ತಗಡಿನ ಮನೆ, ಮುಂದೆ ಬೇಲಿಯಿಲ್ಲದ ಅಂಗಳ. ಐವತ್ತು ದಾಟಿದ ಒಂಟಿ ಹೆಂಗಸು. ಬೆಳಿಗ್ಗೆ ಆಟೊ ಹತ್ತಿ ಭತ್ತದ ಗದ್ದೆಗೆ ಕಳೆ ಕೀಳಲು ಹೋದರೆ ಹೊತ್ತು ಇಳಿದ ಮೇಲೆಯೇ ಬರುತ್ತಿದ್ದಳು. ಅಲ್ಲಿಯವರೆಗೆ ಅವಳ ಆಡು, ಅದರ ಎರಡು ಮರಿ, ಎಲ್ಲ ಆ ನಾಯಿ ನವಾಬನ ಕಾವಲಿನಲ್ಲಿ. ಕಾಲುವೆ ದಂಡೆಯಲ್ಲಿ ಕೋಳಿಯ ಕರುಳು ತಿಂದು ಕೊಬ್ಬಿದ ನಾಲ್ಕು ನಾಯಿಗಳು ದಿನವೂ ಮರಿಗಳ ವಾಸನೆ ಹಿಡಿದು ಬರುತ್ತಿದ್ದವು. ನವಾಬ ಬೊಗಳುತ್ತಿರಲಿಲ್ಲ. ಕತ್ತಿನಿಂದ ಬಾಲದವರೆಗೆ ಕೂದಲು ನಿಮಿರಿಸಿ, ಕಾಲು ಸೆಟೆಸಿ, ಒಂದೊಂದೇ ಹೆಜ್ಜೆ ಅವುಗಳ ಕಡೆಗೇ ನಡೆಯುತ್ತಿದ್ದ. ಇದ್ದುದಕ್ಕಿಂತ ಎರಡು ಪಟ್ಟು ಕಾಣುತ್ತಿದ್ದ. ನಾಲ್ಕೂ ಬೇರೆಲ್ಲೋ ನೋಡಿದಂತೆ ಮಾಡಿ ತಿರುಗಿಬಿಡುತ್ತಿದ್ದವು.

ಹುಬ್ಬಳ್ಳಿಯಿಂದ ಬಂದಾಗಿನಿಂದ ನನಗೆ ಹಾವು, ಚೇಳು, ಕಾಲುವೆ ನೀರು, ಎಲ್ಲದರ ಭಯ. ಎಲ್ಲಕ್ಕಿಂತ ಹೆಚ್ಚಾಗಿ ಈ ನವಾಬನದು. ಮಗಳು ಆಗತಾನೇ ನಡೆಯಲು ಕಲಿತಿದ್ದಳು. ಒಂದು ಬೆಳಿಗ್ಗೆ ಅವಳು ಆ ಅಂಗಳಕ್ಕೆ ಕಾಲಿಟ್ಟಳು, ನವಾಬನ ಕೂದಲು ನಿಮಿರಿತು. ಮಗುವನ್ನು ಎತ್ತಿಕೊಂಡು ಬಂದವಳೇ ಪೀರಮ್ಮನಿಗೆ, ನಾಯಿ ಕಟ್ಟಿಹಾಕು, ಇಲ್ಲವಾದರೆ ಹಿಡಿಯುವವರನ್ನು ಕರೆಸುತ್ತೇನೆ ಎಂದೆ.

"ಅವ ಕಡ್ಯಾಂಗಿಲ್ರೀ ಅಕ್ಕಾರ."

"ಎಲ್ಲಾರೂ ತಮ್ಮ ನಾಯಿಗೆ ಹಂಗ ಅಂತಾರ."

ಅವಳು ಏನೋ ಹೇಳಲು ಹೊರಟಳು. ಎದುರಿನ ಚಹಾದಂಗಡಿಯ ಗೌಸ್‌ಸಾಬ್ ನಗುತ್ತ, "ಕಟ್ಟ ಬೇ ಪೀರವ್ವಾ, ನಿನ್ನ ನವಾಬನ್ನ ಕಂಡ್ರ ನಾನೂ ಸುತ್ತು ಹಾಕ್ಕೊಂಡು ಹೋಗ್ತೀನಿ" ಎಂದ. ಅಂಗಡಿ ತುಂಬ ಜನ ಇತ್ತ ನೋಡುತ್ತಿದ್ದರು. ಅವಳು ಆಡಿನ ಹಗ್ಗ ತಂದು ನವಾಬನನ್ನು ಕಟ್ಟಿದಳು. ಸಂಜೆ ನಮ್ಮ ಹಿತ್ತಿಲ ಬಾಗಿಲು ತಟ್ಟಿದಳು. ಜಗಳಕ್ಕೆ ಬಂದಿದ್ದಾಳೆಂದು ನಾನು ತೆಗೆಯಲಿಲ್ಲ.

ಮರುದಿನ ನಾಯಿಗಳು ಬಂದವು. ನವಾಬ ಕೂದಲು ನಿಮಿರಿಸಿ ನಡೆದ. ಹಗ್ಗ ಮುಗಿಯಿತು, ಕುತ್ತಿಗೆ ಹಿಂದಕ್ಕೆ ಜಗ್ಗಿತು. ಅವು ತಿರುಗಲಿಲ್ಲ. ಒಂದು ಮೊಳ ಆಚೆ ಕುಳಿತು ನೋಡಿದವು. ಅದರ ಮರುದಿನವೂ ಕುಳಿತವು. ಮೂರನೆಯ ದಿನ ಎರಡು ನಾಯಿಗಳು ಮರಿಗಳ ಕಡೆಗೆ ಹೋದವು, ಇನ್ನೆರಡು ನವಾಬನ ಮೇಲೆ ಬಿದ್ದವು. ನಾನು ಚಿಲಕ ಹಾಕಿ, ಮಗುವನ್ನು ಅವುಚಿಕೊಂಡು, ಕಿಟಕಿಯಿಂದಲೇ ಕೂಗಿದೆ. ಗೌಸ್‌ಸಾಬ್ ಕಟ್ಟಿಗೆ ಹಿಡಿದು ಓಡಿ ಬರುವಷ್ಟರಲ್ಲಿ ಮರಿಗಳು ಮುಗಿದಿದ್ದವು.

ಪೀರಮ್ಮ ಬಂದಾಗ ನವಾಬನಲ್ಲಿ ಉಸಿರಿತ್ತು. ಕೆಸರುಗಾಲಲ್ಲೇ ಅವನ ಪಕ್ಕ ಕುಳಿತು ನನ್ನನ್ನು ಕರೆದಳು. ಹೋದೆ. ನನ್ನ ಕೈ ಹಿಡಿದು, ಅವನ ತುಟಿ ಎತ್ತಿ, ಬೆರಳನ್ನು ಒಳಗಿಟ್ಟು ಒಂದು ದವಡೆಯಿಂದ ಇನ್ನೊಂದಕ್ಕೆ ಎಳೆದಳು. ಬರೀ ಒಸಡು. ಮೆತ್ತಗೆ, ಬೆಚ್ಚಗೆ.

"ನಾಕು ವರ್ಷಾತ್ರಿ ಹಲ್ಲು ಹೋಗಿ. ಯಾರೂ ನೋಡಬಾರದಂತ ಬಾಗಿಲಾ ಹಾಕ್ಕೊಂಡು ಅಂಬಲಿ ಕುಡಸ್ತಿದ್ದೆ." ನನ್ನ ಬೆರಳು ಬಿಡಲಿಲ್ಲ. "ಈಗ ಕರಸ್ರಿ, ಹಿಡಿಯೋರ್ನ."

ರಾತ್ರಿ ನವಾಬ ಸತ್ತ. ಮರುದಿನ ಅವಳು ಗದ್ದೆಗೆ ಹೋಗಲಿಲ್ಲ. ಉಳಿದ ಆಡಿನ ಮುಂದೆ ಬಡಿಗೆ ಹಿಡಿದು ಕುಳಿತಳು. ನಾಲ್ಕೂ ನಾಯಿಗಳು ಬಂದವು. ಬಡಿಗೆ ನಿಲುಕುವಲ್ಲಿಂದ ಒಂದು ಮೊಳ ಆಚೆ ಕುಳಿತವು.