ಹೊರ್ತಿ ದಾರಿಯ ಓದುಗ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದ ಒಬ್ಬ ಓದುಗನನ್ನು ಹುಟ್ಟಿಸಿದವನು ನಾನೇ. ಮುಖವಿಲ್ಲದ, ಹೆಸರಿಲ್ಲದ, ಬರೀ ದನಿಯಷ್ಟೇ ಇದ್ದ ಓದುಗ. ಹುಟ್ಟಿಸಿದ್ದು ಹೊಟ್ಟೆಕಿಚ್ಚಿಗೆ.

ಇಷ್ಟು ನನ್ನ ಹುಚ್ಚುತನ. ಇದರ ಮುಂದಿನದು ನನ್ನದಲ್ಲ... ಯಾರದೆಂದು ಇವತ್ತಿಗೂ ಗೊತ್ತಿಲ್ಲ.

ಈ ಮಲ್ಲ್ಯಾ, ಅಂದರೆ ನಾನು, ಬಾಯಿ ತೆರೆದರೆ ಸುಳ್ಳು ಎಂದು ಇಂಡಿ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇರಲಿ. ಆದರೆ ತನ್ನ ಸುಳ್ಳು ಎಲ್ಲಿಗೆ ಮುಗಿಯಿತೆಂಬುದು ಸುಳ್ಳುಗಾರನಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಆ ಧೈರ್ಯದ ಮೇಲೆ ಹೇಳುತ್ತೇನೆ: ಇದು ನಡೆದದ್ದು ಖರೆ.

ನನ್ನ ಉದ್ಯೋಗ ತಪಕೀರು ಮಾರುವುದು. ಮೂಗಿಗೇರಿಸುವ ಆ ಪುಡಿಯ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಬಸ್ಸಿನಲ್ಲಿ ಸುತ್ತುತ್ತಿದ್ದೆ. ಪುಡಿ ಮಾರಿದ್ದಕ್ಕಿಂತ ಮಂದಿಯ ದನಿ ತೆಗೆದು ನಗಿಸಿದ್ದೇ ಹೆಚ್ಚು. ಫೌಜದಾರರು ಸೀನುವುದು, ಬಸ್ ಕಂಡಕ್ಟರ್ ಚಿಲ್ಲರೆ ಇಲ್ಲವೆನ್ನುವುದು, ನಮ್ಮವ್ವ ನನಗೆ ಬೈಯುವುದು. ಹೆಣ್ಣುಮಕ್ಕಳ ಎದುರು ನನ್ನ ದನಿ ಒಡೆದ ಮಡಕೆಯಾಗುತ್ತದೆ. ಬೇರೆಯವರು ಅಣಕಿಸುವ ಮೊದಲು ಅದನ್ನೂ ನಾನೇ ಅಣಕಿಸಿ ತೋರಿಸುತ್ತಿದ್ದೆ.

ದಸ್ತಗೀರ ನಮ್ಮ ಓಣಿಯವನು. ಇಬ್ಬರೂ ಒಂದೇ ಮಾಸ್ತರರ ಛಡಿ ಏಟು ತಿಂದವರು. ಅವನು ತಾನೇ ಮಾಸ್ತರನಾದ. ನಾನು ಮಾಸ್ತರರ ದನಿ ತೆಗೆಯುವವನಾದೆ.

ಮನುಷ್ಯ ಆಕಾಶಕ್ಕೆ ಹೋಗಿ ತಿರುಗಿ ಬಂದ ಸುದ್ದಿ ರೇಡಿಯೋದಲ್ಲಿ ಬಂತಲ್ಲ, ಅಂದಿನಿಂದ ಅವನಿಗೆ ನಿದ್ದೆ ಹಾರಿತು. ಕಂದೀಲಿನ ಬುಡದಲ್ಲಿ ಕೂತು ಒಂದು ಕಾದಂಬರಿ ಬರೆದ. 'ಹೊಲಕ್ಕಿಳಿದ ಚುಕ್ಕಿ'. ಬೇರೆ ಲೋಕದವರು ಬಿಳಿಜೋಳದ ಹೊಲದಲ್ಲಿ ಇಳಿದು ಊರಿನವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವ ಕಥೆ. ನೀರಿಗೆ ಹೋದ ನೀಲವ್ವ ಎಂಬ ಹುಡುಗಿ ಮೊದಲು ಸಾಯುತ್ತಾಳೆ. ಹುಬ್ಬಳ್ಳಿಯ ಒಂದು ಛಾಪಖಾನೆಯವರು ಅಚ್ಚು ಹಾಕಿ, ಓದುಗರಿಗೆ ಹಿಡಿಸಿದರೆ ಎರಡನೆಯ ಭಾಗವನ್ನೂ ತರುತ್ತೇವೆಂದರು.

ಆಗ ದಸ್ತಗೀರ ನನ್ನನ್ನು ಕರೆದು ಹೇಳಿದ, "ಮಲ್ಲ್ಯಾ, ನೀ ಊರೂರು ತಿರಗತಿ. ಓದಿದವರ ಅಭಿಪ್ರಾಯ ತಂದು ಕೊಡೋ. ಬರಸಿಕೊಂಡು ಬರಬ್ಯಾಡ. ಬರಿಯಾಕ ಕುಂತ್ರ ಮಂದಿ ಸುಮ್ಮನ ಹೊಗಳತಾರ. ಅವರು ಹೆಂಗ ಅಂದರೋ ಹಂಗ, ಅವರ ದನಿಯಾಗ ಹೇಳು."

ಹೀಗೆ ನಾನು ಅಭಿಪ್ರಾಯ ಹೊತ್ತು ತರುವ ಕೂಲಿಯಾದೆ. ಸಂಜೆ ಅವನ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಬಾಯಿಂದ ಇಳಿಸುವುದು.

ಸಿಂದಗಿಯ ಕಂಪೌಂಡರ್: "ಊಟಾದ ಮ್ಯಾಲೆ ಓದಬಾರದ್ರಿ ಇದನ್ನ. ನಮ್ಮ ಹೇಣ್ತಿಗೆ ಓದಿ ಹೇಳಿದೆ, ಬೆಳತನಕ ಹೊಟ್ಟಿ ಹಿಡಕೊಂಡು ಕುಂತಳು. ಫಸ್ಟ್ ಕ್ಲಾಸ್!"

ಮುದ್ದೇಬಿಹಾಳದ ಬಟ್ಟೆ ಅಂಗಡಿಯ ಸಾವಕಾರ: "ಆ ಮ್ಯಾಗಿನ ಮಂದಿ ಅರಿವಿ ಉಡೂದಿಲ್ಲ ಅಂತ ಬರದಾರಲ್ರಿ, ಅದೊಂದು ಮನಸಿಗೆ ಬರಲಿಲ್ಲ ನೋಡ್ರಿ. ಉಳದದ್ದೆಲ್ಲಾ ಭಾಳ ಚೊಲೊ ಐತಿ."

ಓಣಿಯವರೆಲ್ಲ ಕಟ್ಟೆಗೆ ಸೇರುತ್ತಿದ್ದರು. ಮೊದಲು ನನಗಾಗಿ ಸೇರುತ್ತಿದ್ದ ಮಂದಿಯೇ. ಈಗ ಚಪ್ಪಾಳೆ ಹೊಡೆದು ಬೆನ್ನು ತಟ್ಟುವುದು ದಸ್ತಗೀರನದು! ಗಂಟಲು ಹರಿದುಕೊಂಡವನು ನಾನು, ಬಾಯಾರಿತೇನೋ ಎಂದು ಅವರು ಚಹಾ ಕೊಡುವುದು ಅವನಿಗೆ. ನಗುತ್ತಲೇ ಕೂತಿರುತ್ತಿದ್ದೆ. ಒಳಗೆ ಹಸಿ ಮೆಣಸಿನಕಾಯಿ ನುಂಗಿದ ಹಾಗೆ.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಬಾಗೇವಾಡಿಯ ಸುಶೀಲಾ ಅಕ್ಕೋರು...

ಅವರು ಅಲ್ಲಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದರು. ತಪಕೀರಿನ ಡಬ್ಬಿ ಕಂಡರೆ ಮೂಗು ಮುಚ್ಚುವವರು. ಆದರೂ ಪ್ರತಿ ಸುತ್ತಿಗೂ ನಾನು ಆ ಸಾಲಿಯ ಗೇಟಿನ ಮುಂದೆ ನಿಲ್ಲುತ್ತಿದ್ದೆ. ಹೆಡ್‌ಮಾಸ್ತರರ ಕೆಮ್ಮು ತೆಗೆದರೆ ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನನ್ನ ವ್ಯಾಪಾರದಲ್ಲಿ ಲಾಭವೆಂದರೆ ಅದೊಂದೇ.

ಆ ಸಲ ಕೆಮ್ಮು ಶುರು ಮಾಡುತ್ತಿದ್ದಂತೆ ಕೈ ತೋರಿಸಿ ನಿಲ್ಲಿಸಿದರು.

"ಅದಿರಲಿ ಮಲ್ಲಪ್ಪ. ಚುಕ್ಕಿ ಕಾದಂಬರಿ ಬರದವರು ನಿಮ್ಮೂರವರಂತಲ್ಲ, ಹೆಂಗ ಇದಾರ ಅವರು? ಓದಿದ ರಾತ್ರಿ ಕಂದೀಲ ಆರಸಾಕ ಧೈರ್ಯ ಆಗಲಿಲ್ಲ ನನಗ. ಅಂಥವರನ್ನ ಒಮ್ಮೆರ ನೋಡಬೇಕು."

ನನ್ನ ದನಿ ಒಡೆಯಿತು. "ನೋಡೂವಂಥಾದ್ದೇನಿಲ್ರಿ... ಮೂಗು ದೊಡ್ಡದೈತಿ."

ಅಕ್ಕೋರು ನಗಲಿಲ್ಲ. ಗೇಟಿನ ಹತ್ತಿರ ಬೇರೆ ಯಾರೂ ಇರಲಿಲ್ಲ. ಆ ಮಾತನ್ನು ನಾನೂ ಯಾರ ಮುಂದೆಯೂ ಆಡಲಿಲ್ಲ.

ಸಂಜೆ ಇಂಡಿಗೆ ಬಂದಾಗ ದಸ್ತಗೀರ ಕಾಯುತ್ತಿದ್ದ. "ಬಾಗೇವಾಡ್ಯಾಗ ಏನಂದರೋ?"

ಅಕ್ಕೋರ ದನಿಯನ್ನು ಇವನಿಗೆ ಕೊಡಲು ಮನಸ್ಸು ಬರಲಿಲ್ಲ. "ಅದು ಬಿಡು," ಎಂದೆ. "ಹೊರ್ತಿ ದಾರಿಯಾಗ ಒಂದು ಹೊಲಮನಿಯಾಗ ಊರ ಲೆಕ್ಕ ಬರೀತಿದ್ದ, ಈಗ ಪಿಂಚಣಿ ಬರೂ ಮುದುಕ ತಲಾಟಿ ಒಬ್ಬ ಅದಾನ. ನಿದ್ದಿ ಬರಲಾರದ್ದಕ್ಕ ಪುಸ್ತಕ ಓದತಾನ. ಅಂವ ಏನಂದ ಗೊತ್ತೈತೇನು?"

ಕಾದಂಬರಿ ಹೊಲಸಿದೆ, ಬರೆಯುವುದು ಬಿಡು ಎಂದು ಹೇಳಿಸುವುದಿತ್ತು. ಬಾಯಿ ತೆರೆದೆ. ಒಂದು ದನಿ ಬಂತು. ಒಣ ಎಲೆಯಂಥ, ಏರಿಳಿತವಿಲ್ಲದ ದನಿ. ಅಂಥದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ.

"ಬರದಾಂವ ಅವರನ್ನ ನೋಡಿಲ್ಲ. ಅವರು ಕೊಲ್ಲಾಕ ಬರೂದಿಲ್ಲ. ಕೇಳಾಕ ಬರ್ತಾರ."

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ದಸ್ತಗೀರನ ಮುಖ ಬಿಳಿಚಿತು. ನನಗೋ, ಆಹಾ, ಮೆಣಸಿನಕಾಯಿಯ ಮೇಲೆ ಬೆಲ್ಲ ಬಿದ್ದಂತಾಯಿತು.

ಅಂದಿನಿಂದ ಅವನು ಬರೆಯುವುದನ್ನು ನಿಲ್ಲಿಸಿದ. ಅರ್ಧವಾಗಿದ್ದ ಎರಡನೆಯ ಭಾಗವನ್ನು ಟ್ರಂಕಿನಲ್ಲಿ ಹಾಕಿದ. ಹುಬ್ಬಳ್ಳಿಯವರು ಹೇಳಿ ಕಳಿಸಿದರೆ "ಕಥಿ ತಪ್ಪೈತಿ" ಎಂದನಂತೆ. ನನ್ನನ್ನು ಕಂಡಾಗೊಮ್ಮೆ ಒಂದೇ ಮಾತು: "ಆ ತಲಾಟಿ ಸಾಹೇಬ್ರನ್ನ ಭೆಟ್ಟಿ ಮಾಡಸೋ."

ಮಗಳ ಊರಿಗೆ ಹೋಗಿದ್ದಾನೆ ಎಂದೆ. ಕಾಲು ಉಳುಕಿದೆ ಎಂದೆ. ಕೊನೆಗೆ ಒಂದು ಶನಿವಾರ ಸಾಲಿ ಬಿಟ್ಟವನೇ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತುಬಿಟ್ಟ.

"ಇವತ್ತ ಹೋಗೂದ. ತಪ್ಪೆಲ್ಲೈತಿ ಅಂತ ಅವರು ತೋರಿಸಿದ್ರ ಬರೀತೇನಿ. ಇಲ್ಲಾ, ಈ ಜನ್ಮದಾಗ ಪೆನ್ನು ಮುಟ್ಟೂದಿಲ್ಲ."

ನನ್ನ ತಲೆಯಲ್ಲಿ ಆಟ ಸಿದ್ಧವಾಯಿತು. ಕತ್ತಲಾಗುವಂತೆ ಹೊರಡುವುದು. ಇವನನ್ನು ದಾರಿಯ ಮೇಲೆ ನಿಲ್ಲಿಸಿ ಜೋಳದೊಳಗೆ ಹೋಗುವುದು. ಅಲ್ಲಿಂದ ಆ ದನಿಯಲ್ಲಿ ಒಂದೇ ಮಾತು: ಮಾಸ್ತರ, ಬರೆಯುವುದು ಬಿಡು. ಅಲ್ಲಿಗೆ ಚುಕ್ಕಿ ಆರಿತು!

ಸಂಕ್ರಾಂತಿಗೆ ಮುಂಚಿನ ಚಳಿ. ಚಂದ್ರನಿರಲಿಲ್ಲ. ದಾರಿಯ ಎರಡೂ ಬದಿಗೆ ಆಳೆತ್ತರದ ಜೋಳ, ಹಾಲುಗಾಳಿನ ಹಸಿ ವಾಸನೆ. ಗರಿಗಳು ಒಂದಕ್ಕೊಂದು ತಿಕ್ಕಿ ಸರಸರ ಎನ್ನುತ್ತಿದ್ದವು. ಎಲ್ಲೋ ದೂರ ನಾಯಿ ಬೊಗಳುತ್ತಿತ್ತು.

ಒಂದು ತಿರುವಿನಲ್ಲಿ ಸೈಕಲ್ ನಿಲ್ಲಿಸಿದೆ.

"ದೀಪ ಕಾಣವಲ್ದಲ್ಲೋ?" ದಸ್ತಗೀರ ಪಿಸುಗುಟ್ಟಿದ.

"ತಲಾಟಿಕಿ ಮಾಡಿದಾಂವ, ಎಣ್ಣಿ ಉಳಸತಾನ. ಹೊರಗಿನವರಿಗೆ ಮಾರಿ ತೋರಸೂದಿಲ್ಲ. ನಾ ಹೋಗಿ ಎಬ್ಬಸತೇನಿ. ಒಳಗಿಂದನ ಮಾತಾಡತಾನ, ನೀ ಇಲ್ಲೇ ನಿಲ್ಲು."

ಸಾಲು ಹಿಡಿದು ಒಳಗೆ ಹೋದೆ. ಇಬ್ಬನಿಗೆ ಅಂಗಿ ಒದ್ದೆಯಾಯಿತು. ಸಾಕಷ್ಟು ದೂರ ಹೋಗಿ ಕುಕ್ಕರಗಾಲಲ್ಲಿ ಕೂತೆ. ತುಟಿ ಒದ್ದೆ ಮಾಡಿಕೊಂಡೆ. ಎದೆ ತುಂಬ ಉಸಿರೆಳೆದೆ...

"ಮಾಸ್ತರ ಬಂದಾನೇನು?"

ಅದೇ ದನಿ. ನಾನು ಹುಟ್ಟಿಸಿದ ದನಿ.

ಆದರೆ ನಾನೆಳೆದ ಉಸಿರು ಇನ್ನೂ ನನ್ನ ಎದೆಯಲ್ಲೇ ಇತ್ತು.

ದನಿ ಬಂದದ್ದು ನನ್ನ ಬೆನ್ನ ಹಿಂದಿನಿಂದ, ಹೊಲದ ಇನ್ನೂ ಒಳಗಿನಿಂದ. ಜೀರುಂಡೆಗಳು ಒಮ್ಮೆಲೇ ನಿಂತವು. ನಾಯಿಯೂ. ಹಸಿ ಜೋಳದ ವಾಸನೆ ಹೋಗಿ, ಆಗಷ್ಟೇ ಸಾಣೆ ಹಿಡಿದ ಕುಡಗೋಲಿನ ವಾಸನೆ ಮೂಗಿಗೆ ಬಡಿಯಿತು.

ದಾರಿಯಿಂದ ದಸ್ತಗೀರನ ದನಿ, ಎಷ್ಟು ವಿನಯ ಅದರಲ್ಲಿ: "ಬಂದೇನ್ರಿ ಸಾಹೇಬ್ರ. ನಮಸ್ಕಾರ್ರಿ."

ಇಬ್ಬರ ನಡುವೆ ನಾನು. ಕೈಯಿಂದ ನನ್ನ ಬಾಯಿಯನ್ನೇ ಮುಚ್ಚಿಕೊಂಡಿದ್ದೆ.

"ನೀಲವ್ವನ್ನ ಯಾಕ ಸಾಯಿಸಿದಿ?"

"ಕಥಿಗೆ ಬೇಕಾಗಿತ್ರಿ..."

"ಅಕಿ ಸತ್ತಿಲ್ಲ. ಅಕಿ ಮಾತು ಭಾಳ ಇತ್ತು. ಕೇಳೂದು ಇನ್ನೂ ಮುಗದಿಲ್ಲ."

"ಅಂದ್ರ ಹೆಂಗ್ರಿ?"

"ಕೇಳು."

ಅದೇ ಜಾಗದಿಂದ, ನಡುವೆ ಚೂರೂ ಬಿಡುವಿಲ್ಲದೆ, ಒಂದು ಎಳೆಯ ಹುಡುಗಿಯ ದನಿ ಬಂತು.

"ಮಾಸ್ತರ್ರ... ನನ್ನ ಕೊಡ ಎಲ್ಲಿಟ್ರಿ?"

ಈ ಕಸುಬು ನನ್ನದು, ಅದಕ್ಕೇ ಹೇಳುತ್ತೇನೆ. ಗಂಡಿನ ದನಿ ಬಿಟ್ಟು ಹೆಣ್ಣಿನ ದನಿಗೆ ಹೋಗಬೇಕಾದರೆ ಎಂಥವನೂ ಒಮ್ಮೆ ಉಗುಳು ನುಂಗಬೇಕು, ಉಸಿರೆಳೆಯಬೇಕು. ಅಲ್ಲಿ ಉಸಿರಿನ ಸದ್ದೇ ಇರಲಿಲ್ಲ. ಮಾತಿನ ಮೊದಲೂ ಇಲ್ಲ, ಕೊನೆಗೂ ಇಲ್ಲ.

ಆಮೇಲೆ ಜೋಳ ಅಲುಗಿತು. ಗಾಳಿ ಆ ಕಡೆಯಿಂದ ಬೀಸುತ್ತಿರಲಿಲ್ಲ. ದಂಟುಗಳು ಒಂದೊಂದಾಗಿ ಬದಿಗೆ ಸರಿಯುತ್ತ ನನ್ನ ಕಡೆಗೇ... ಒಂದು ಮೊಳದಷ್ಟು ಹತ್ತಿರ ಬಂದು ಆ ಅಲುಗಾಟ ನಿಂತಿತು.

ಎದುರಿಗೆ ಏನೂ ಇರಲಿಲ್ಲ. ಕತ್ತಲೆ, ಜೋಳ, ಆ ವಾಸನೆ. ನನ್ನ ಕಿವಿಯ ಹತ್ತಿರ, ನನ್ನದೇ ದನಿ. ಒಡೆದ ಮಡಕೆಯಂಥ ದನಿ. ಬಹಳ ಮೆಲ್ಲಗೆ:

"ನೋಡೂವಂಥಾದ್ದೇನಿಲ್ರಿ... ಮೂಗು ದೊಡ್ಡದೈತಿ."

ಹೇಗೆ ಓಡಿದೆನೋ ನೆನಪಿಲ್ಲ. ಗರಿಗಳು ಮುಖ ಕೊಯ್ದ ಗಾಯಗಳು ಮಾತ್ರ ಮರುದಿನ ಎಣ್ಣೆ ಹಚ್ಚುವಾಗ ಕಂಡವು.

ದಾರಿಯ ಮೇಲೆ ದಸ್ತಗೀರ ಹಬ್ಬದ ಚಂದ್ರ ಕಂಡವನ ಹಾಗೆ ನಿಂತಿದ್ದ. "ಎಂಥಾ ಮನಷ್ಯಾನೋ ಮಲ್ಲ್ಯಾ! ಮಮ್ಮಗಳ ಕಡಿಂದ ಆ ಮಾತು ಆಡಿಸಿದ್ರೋ ಏನೋ... ಅಕಿ ಸತ್ತಿಲ್ಲ! ಕೇಳಿದೇನು? ಸತ್ತಿಲ್ಲ!"

"ನಡಿ," ಎಂದೆ.

ಸೈಕಲ್ ಅವನೇ ತುಳಿದ. ನಾನು ಹಿಂದೆ ಕೂತು ಅವನ ಅಂಗಿ ಹಿಡಿದುಕೊಂಡಿದ್ದೆ. ಹಿಂದೆ ತಿರುಗಿ ನೋಡಲಿಲ್ಲ.

ಮರುದಿನ ಮಧ್ಯಾಹ್ನದ ಬಿಸಿಲಲ್ಲಿ, ಧೈರ್ಯಕ್ಕೆ ಇಡೀ ಡಬ್ಬಿ ತಪಕೀರು ಏರಿಸಿ, ಒಬ್ಬನೇ ಹೋದೆ. ನಾನು ಓಡಿದ ದಾರಿಯಲ್ಲಿ ದಂಟು ಮುರಿದು ಬಿದ್ದಿದ್ದವು. ಅದರಾಚೆ ಒಂದು ಗರಿಯೂ ಬಾಗಿರಲಿಲ್ಲ. ಹೊಲದ ರೈತ ಬಂದು, ಜೋಳ ತುಳಿದವನು ನೀನೇನೋ ಎಂದು ಬೈದ. ತಲಾಟಿ, ಹೊಲಮನೆ ಎಂದು ಕೇಳಿದೆ. "ಇಲ್ಲಿ ಯಾ ಮನಿನೂ ಇಲ್ಲ, ಮಠಾನೂ ಇಲ್ಲ. ಹೋಗ್," ಎಂದ.

ದಸ್ತಗೀರ ಟ್ರಂಕು ತೆಗೆದ. ಬರೆದ. ಬೇರೆ ಲೋಕದವರು ಕೊಲ್ಲಲು ಬರುವುದಿಲ್ಲ, ಕೇಳಲು ಬರುತ್ತಾರೆ... ನೀಲವ್ವ ಹೊಲದಿಂದ ಮಾತಾಡುತ್ತಾಳೆ... ಎರಡನೆಯ ಭಾಗ ಅಚ್ಚಾಗಿ ಬಂತು.

ಮತ್ತೆ ಅಭಿಪ್ರಾಯ ಹೊರುವ ಕೂಲಿ ನನ್ನದೇ. ಕಂಪೌಂಡರ್ ಹೆಂಡತಿ ತವರಿಗೇ ಹೋಗಿಬಿಟ್ಟಳಂತೆ. ಅದನ್ನೂ ಅವನು ಹೆಮ್ಮೆಯಿಂದ ಹೇಳಿದ. "ಈ ಸಲ ಅವರು ಕಾಣಸೂದ ಇಲ್ಲ, ಅರಿವಿ ತಕರಾರು ಉಳೀಲಿಲ್ಲ," ಎಂದರು ಸಾವಕಾರರು. ಸುಶೀಲಾ ಅಕ್ಕೋರು ಗೇಟಿನ ಸರಳು ಹಿಡಿದು ನಿಂತಿದ್ದರು. ಕಣ್ಣು ಕೆಂಪಾಗಿದ್ದವು.

"'ನನ್ನ ಕೊಡ ಎಲ್ಲಿಟ್ರಿ' ಅಂತ ಆ ಹುಡುಗಿ ಕೇಳತಾಳಲ್ಲ ಮಲ್ಲಪ್ಪ... ಆ ಒಂದು ಮಾತು ಹುಟ್ಟಿಸಿದವರ ಕಾಲಿಗೆ ಬೀಳಬೇಕು ಅನ್ನಸ್ತು."

ಹೆದರಿಕೆ ದೊಡ್ಡದೋ ಹೊಟ್ಟೆಕಿಚ್ಚು ದೊಡ್ಡದೋ ಎಂದು ನನ್ನನ್ನು ಕೇಳಿರಿ. ಆ ರಾತ್ರಿಯ ಬಗ್ಗೆ ತುಟಿ ಬಿಚ್ಚಬಾರದೆಂದು ಆಣೆ ಹಾಕಿಕೊಂಡವನು ಬಸ್ಸಿಳಿದು ನೆಟ್ಟಗೆ ದಸ್ತಗೀರನ ಮನೆಗೆ ಹೋದೆ. ಪೆನ್ನಿಗೆ ಮಸಿ ತುಂಬುತ್ತ ಕೂತಿದ್ದ.

"ದಸ್ತ್ಯಾ, ತಲಾಟಿ ಅನ್ನಾಂವ ಇಲ್ಲೇ ಇಲ್ಲ. ಕಟ್ಟಿ ಮ್ಯಾಲೆ ಆಡಿದ ದನಿ ನಂದು. ಹೊಲದಾಗ ಆಡಿದ್ದೂ ನಾನ. ಕೊಡ ಕೇಳಿದ ಹುಡುಗಿ ದನಿನೂ ನಂದ. ನಿನ್ನ ಎರಡನೇ ಭಾಗ ಹುಟ್ಟಿಸಿದಾಂವ ನಾನು. ಮಂದಿಗೆ ಹೇಳು ಅದನ್ನ."

ಅದರಲ್ಲಿ ತಲಾಟಿಯ ಮಾತು, ಕಟ್ಟೆಯ ಮಾತು ಇವೆರಡಷ್ಟೇ ನಿಜ. ಉಳಿದದ್ದು ಸುಳ್ಳೆಂದು ಗೊತ್ತಿದ್ದೂ, ಅವನು ನಂಬಲಿ ಎಂದು ಎದೆ ಬಡಿದುಕೊಳ್ಳುತ್ತಿತ್ತು. ಹೆಸರಿನ ಆಸೆಗಷ್ಟೇ ಅಲ್ಲ. ಅವನು ನಂಬಿದರೆ ನಾನೂ ನಂಬಬಹುದಿತ್ತು. ಈಗಲೂ ಗೇಟಿನ ಮುಂದೆ, ಬಸ್ಸಿನಲ್ಲಿ, ಒಬ್ಬನೇ ಇದ್ದಾಗ ಏನಾದರೂ ಅಂದುಬಿಟ್ಟರೆ ಸುತ್ತ ನೋಡುತ್ತೇನೆ... ಯಾರು ಕೇಳುತ್ತಿದ್ದಾರೋ ಎಂದು.

ದಸ್ತಗೀರನಿಗೆ ಸಿಟ್ಟು ಬರಲಿಲ್ಲ. ಪೆನ್ನಿನ ಟೊಪ್ಪಿಗೆ ಹಾಕಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹೇಳಿದ:

"ದನಿ ನಿಂದ ಇದ್ದೀತು, ಮಲ್ಲ್ಯಾ. ಆದ್ರ ಹುಟ್ಟಿದಾಗಿಂದ ಒಂದು ಮಾತರ ನಿನ್ನ ಸ್ವಂತದ್ದು ಆಡೀಯೇನು?"