ಗಾಳಿ ನಿಲ್ಲಲೆಂದು ಕಟ್ಟಿಸಿದ ಕಾಯಿ

ನಮ್ಮದು ದಾವಣಗೆರೆಯಲ್ಲಿ ಬಟ್ಟೆ ವ್ಯಾಪಾರದ ಮನೆ. ಮೊಟ್ಟೆಯನ್ನೂ ಹೊಸ್ತಿಲು ದಾಟಿಸದವರು. ಅಂಥ ಮನೆಯ ಮಗಳು ಮಲ್ಪೆಯಲ್ಲಿ ಕೂತು ಬೂತಾಯಿ ಮೀನಿನ ಮೇಲೆ ಪಿಎಚ್‌ಡಿ ಮಾಡುತ್ತಾಳೆ. ನೆಂಟರು ಕೇಳಿದರೆ ಸಮುದ್ರದ ನೀರು ಪರೀಕ್ಷೆ ಮಾಡುತ್ತಾಳೆ ಎಂದು ಸಾಗಹಾಕುತ್ತೇನೆ. ಅದು ಪೂರ್ತಿ ಸುಳ್ಳೇನಲ್ಲ.

ಫೋನಿನಲ್ಲಿ ಹವಾಮಾನದ ನಕ್ಷೆ ನೋಡುವುದನ್ನು ಅವಳೇ ಕಲಿಸಿದಳು. ಗಾಳಿಯ ಒತ್ತಡ ಒಂದೇ ಸಮ ಇರುವ ಕಡೆಗಳನ್ನು ಕೂಡಿಸುವ ಗೆರೆಗಳವು. ಒತ್ತೊತ್ತಾಗಿದ್ದರೆ ಗಾಳಿ ಜೋರು. ಕಲಿಸಿದ್ದೇ ತಪ್ಪಾಯಿತು. ಶ್ರಾವಣದಲ್ಲಿ ಅವಳು ದೋಣಿ ಹತ್ತುವ ಹೊತ್ತಿಗೆ ಕರಾವಳಿಯ ಮೇಲೆ ಗೆರೆಗಳು ಅಂಟಿಕೊಂಡೇ ಇದ್ದವು. ನಾನು ಒಗ್ಗರಣೆಗಿಟ್ಟು ನಕ್ಷೆ ನೋಡುತ್ತ ನಿಂತರೆ ಸಾಸಿವೆ ಕರಕಾಗುತ್ತಿತ್ತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕೊನೆಗೆ ಹರಿಹರದ ಬಸ್ಸು ಹಿಡಿದು, ಅಲ್ಲಿಂದ ಉಕ್ಕಡಗಾತ್ರಿಗೆ ಹೋಗಿ, ನಾವೆಲ್ಲ ಅಜ್ಜಯ್ಯ ಎನ್ನುವ ಕರಿಬಸವೇಶ್ವರನಿಗೆ ಹರಕೆ ಹೊತ್ತೆ. ಗಾಳಿ ನಿಲ್ಲಲಿ ಎಂದು ಗುಡಿಯಲ್ಲಿ ತೆಂಗಿನಕಾಯಿ ಕಟ್ಟಿಸಿ ಬಂದೆ.

ನಿಂತೇಬಿಟ್ಟಿತು. ನಕ್ಷೆಯಲ್ಲಿ ಗೆರೆಗಳು ದೂರ ದೂರ ಸರಿದವು. ಖುಷಿಗೆ ಹೋಳಿಗೆ ಮಾಡಿದೆ. ಆದರೆ ಫೋನಿನಲ್ಲಿ ಮಗಳ ದನಿಗೆ ಜೀವವೇ ಇರಲಿಲ್ಲ. ಹಾಲನ್ನು ಊದಿದರೆ ಕೆನೆ ಸರಿದು ಅಡಿಯ ಹಾಲು ಕಾಣುವುದಿಲ್ಲವೇ, ಹಾಗೆ ತೀರದುದ್ದಕ್ಕೂ ಗಾಳಿ ಬೀಸಿದರೆ ಮೇಲಿನ ಬೆಚ್ಚನೆ ನೀರು ಆಚೆ ಸರಿದು ಆಳದ ತಣ್ಣೀರು ಮೇಲೇಳುತ್ತದಂತೆ. ಆ ನೀರಿನ ಸಾರಕ್ಕೆ ಕಣ್ಣಿಗೆ ಕಾಣದ ಪಾಚಿ ಹುಟ್ಟುತ್ತದೆ, ಪಾಚಿಗೆ ಬೂತಾಯಿ ಬರುತ್ತದೆ. ಅವಳು ಅಳೆಯಬೇಕಾದದ್ದು ಅದನ್ನೇ. ಈಗ ಬಲೆ ಖಾಲಿ.

“ಅವ್ವಾ, ಈ ಸಲ ಗಾಳಿ ಬರ್ಲಿಲ್ಲ ಅಂದ್ರೆ ಇಷ್ಟು ವರ್ಷ ಮಾಡಿದ್ದೆಲ್ಲ ದಂಡ,” ಎಂದು ಅತ್ತಳು.

ಕಾಯಿಯ ಸುದ್ದಿ ನಾನು ಎತ್ತಲಿಲ್ಲ. ಗಾಳಿಗೂ ಕಾಯಿಗೂ ಎಲ್ಲಿಯ ಸಂಬಂಧ ಎಂದು ನಗುತ್ತಿದ್ದಳೇನೋ. ನನಗೆ ನಗು ಬರಲಿಲ್ಲ, ಗಾಳಿ ನಿಲ್ಲಿಸಿದವಳು ನಾನೇ ಅಲ್ಲವೇ. ಮರುದಿನ ಮತ್ತೆ ಅದೇ ಬಸ್ಸು. ಹರಿಹರದಲ್ಲಿ ಬಸ್ಸು ಬದಲಿಸುವಾಗ ಮನೆಗೆ ವಾಪಸ್ಸು ಹೋಗಿಬಿಡೋಣ ಎನ್ನಿಸಿತು. ಗಾಳಿ ಇಲ್ಲದಿದ್ದರೆ ಮೀನಿಲ್ಲ, ಮೀನಿಲ್ಲದೆ ದೋಣಿ ಹೊರಡದು, ಅವಳು ದಡದಲ್ಲೇ ಇರುತ್ತಾಳೆ, ಇರಲಿ ಬಿಡು ಎಂದು ಮನಸ್ಸು ಎಳೆಯಿತು.

ಹರಕೆ ತೀರಿತೇ ಎಂದು ಪೂಜಾರಿ ಕೇಳಿದರು. ತೀರಿತು ಎಂದು ಕಾಯಿ ಬಿಚ್ಚಿಸಿಕೊಂಡೆ. ಅದನ್ನು ಹಿಡಿದು ಅಜ್ಜಯ್ಯನ ಮುಂದೆ ಎಷ್ಟೋ ಹೊತ್ತು ನಿಂತೆ. ಹಿಂದಿನವರು ಸರೀರಿ ಎಂದು ತಳ್ಳತೊಡಗಿದಾಗ ಹೇಳಿದೆ:

“ಗಾಳಿ ಬಿಡಪ್ಪ. ಆಕಿ ದೋಣ್ಯಾಗ ಇರ್ತಾಳೆ, ನೋಡ್ಕಂಡು ಬಿಡು.”

ವಾರದೊಳಗೆ ಗೆರೆಗಳು ಮತ್ತೆ ಅಂಟಿಕೊಂಡವು. ನಾಳೆ ದೋಣಿ ಹೊರಡುತ್ತದೆ ಎಂದು ಮಗಳ ಮೆಸೇಜು ಬಂತು. ಬೇಡಿದ್ದು ಸಿಕ್ಕಿತ್ತು. ಒಗ್ಗರಣೆಗಿಟ್ಟು ಮತ್ತೆ ನಕ್ಷೆ ತೆರೆದೆ, ಸಾಸಿವೆ ಕರಕಾಯಿತು.